ಊರಿಗೆ ಬಂದ ವಿದ್ಯುತ್ತು ಮನೆಗೆ ಬಂದಿತೇ?



1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಲಾಯಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಹಳ್ಳಿಗಳ ಸರದಿ ಬರಲು ಮುಂದೆ ಹಲವು ದಶಕಗಳೇ ಬೇಕಾದವು. ನಮ್ಮ ಚಂದಗಡ ತಾಲೂಕಿನ ತಿಲಾರಿಯ ನೀರೂ ಘಟ್ಟದ ಕೆಳಗಿಳಿದು ವಿದ್ಯುತ್ತನ್ನು ಕೊಡುತ್ತದೆ. ಆದ್ದರಿಂದ “ದೀಪದ ಬುಡದಲ್ಲಿ ಕತ್ತಲೆ” ಎಂಬ ಗಾದೆಯನ್ನು ನಾವು ಮರೆಯಬಾರದು. ವಿದ್ಯುತ್ತನ್ನು ಹಂಚುವಾಗ ನ್ಯಾಯವೆಂದರೆ ಏನು? ಇದನ್ನು ನಾಲ್ಕು ಪ್ರಶ್ನೆಗಳಾಗಿ ವಿಂಗಡಿಸಿ ನೋಡೋಣ.

1. ಎಣಿಸುವುದು ಊರನ್ನೋ, ಮನೆಯನ್ನೋ?

2004ರಲ್ಲಿ ಸರಕಾರ ಮಾಡಿದ ವ್ಯಾಖ್ಯೆಯಂತೆ, ಊರಿಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಬಂದು, ಶಾಲೆ, ಪಂಚಾಯತಿಯಂಥ ಸಾರ್ವಜನಿಕ ಸ್ಥಳಗಳಿಗೆ ದೀಪವಾಗಿ, ನೂರಕ್ಕೆ ಹತ್ತು ಮನೆಗಳು ಬೆಳಗಿದರೆ ಆ ಊರು ವಿದ್ಯುದೀಕರಣವಾದಂತೆ. ಉಳಿದ ತೊಂಬತ್ತು ಮನೆಗಳು ಕತ್ತಲೆಯಲ್ಲಿದ್ದರೂ ಲೆಕ್ಕ ಪೂರ್ಣವೇ! 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ತು ಬಂದಾಗ ದೇಶದ ಎಲ್ಲ ಗ್ರಾಮಗಳೂ ಮುಗಿದವೆಂದು ಸಾರಲಾಯಿತು. ಆದರೆ ಪ್ರತಿ ಮನೆಯನ್ನು ಮುಟ್ಟುವುದಕ್ಕಾಗಿ 2017ರ ಸೆಪ್ಟೆಂಬರಿನಲ್ಲಿ ‘ಸೌಭಾಗ್ಯ’ ಎಂಬ ಬೇರೆ ಯೋಜನೆಯನ್ನೇ ತರಬೇಕಾಗಿತ್ತು. ಗುಡ್ಡದ ಮೇಲಿನ ವಾಡಿ, ಧನಗರವಾಡೆಗಳು ಮೂಲ ಊರಿನ ಹೆಸರಿನಲ್ಲಿ ಸೇರಿಹೋಗುತ್ತವೆ. ಮನೆ ಮನೆಯನ್ನು ಎಣಿಸದಿದ್ದರೆ ಅವು ಕಣ್ಣಿಗೆ ಬೀಳುವುದಿಲ್ಲ.

2. ಜೋಡಣೆಯ ಖರ್ಚು ಯಾರದು?

ಕರ್ನಾಟಕದಲ್ಲಿ 1979–80ರಲ್ಲಿ ‘ಭಾಗ್ಯಜ್ಯೋತಿ’ ಬಂದು ಬಡವರ ಮನೆಗೆ ಒಂದು ದೀಪವನ್ನು ಕೊಟ್ಟಿತು. 1988–89ರಲ್ಲಿ ಕೇಂದ್ರ ಸರಕಾರದ ‘ಕುಟೀರ ಜ್ಯೋತಿ’ ಅದೇ ಹಾದಿಯಲ್ಲಿ ನಡೆಯಿತು. ‘ಸೌಭಾಗ್ಯ’ದಲ್ಲಿ 2011ರ ಸಾಮಾಜಿಕ ಗಣತಿಯ ಪಟ್ಟಿಯಲ್ಲಿದ್ದ ಬಡ ಕುಟುಂಬಗಳಿಗೆ ಜೋಡಣೆ ಉಚಿತವಾಗಿತ್ತು, ಉಳಿದವರಿಗೆ 500 ರೂಪಾಯಿ ಇತ್ತು, ಅದೂ ಹತ್ತು ಕಂತುಗಳಲ್ಲಿ. ಕಂತಿನ ಯೋಚನೆ ಒಳ್ಳೆಯದು. ಆದರೆ ಹಳೆಯ ಪಟ್ಟಿಯಿಂದ ಒಂದು ತೊಡಕಿತ್ತು. ಗಣತಿಯ ನಂತರ ಬೇರೆಯಾದ ಮಗನ ಸಂಸಾರ ಆ ಪಟ್ಟಿಯಲ್ಲಿ ಇರಲಿಲ್ಲ.

3. ತಿಂಗಳ ಬಿಲ್ಲು ಎಟುಕುವಂತಿದೆಯೇ?

ಮಹಾರಾಷ್ಟ್ರದಲ್ಲಿ ಮನೆಬಳಕೆಯ ಮೊದಲ 100 ಯೂನಿಟ್‌ಗಳಿಗೆ ದರ ಕಡಿಮೆ; ಅದರ ಮೇಲೆ 300ರ ವರೆಗೆ ಹೆಚ್ಚು; ಮುಂದೆ ಇನ್ನೂ ಹೆಚ್ಚು. ಕಡಿಮೆ ಬಳಸುವವನಿಗೆ ಕಡಿಮೆ ದರ ಎಂಬುದು ನ್ಯಾಯವೇ. ಆದರೆ ಒಂದು ಲೆಕ್ಕ ಮಾಡಿರಿ. ತಲಾ 80 ಯೂನಿಟ್ ಬಳಸುವ ಮೂರು ಸಂಸಾರಗಳು ಒಂದೇ ಮೀಟರಿನಲ್ಲಿದ್ದರೆ ಒಟ್ಟು 240 ಯೂನಿಟ್. ಅದರಲ್ಲಿ 140 ಯೂನಿಟ್‌ಗಳಿಗೆ ಹೆಚ್ಚಿನ ದರ ಬೀಳುತ್ತದೆ. ಬೇರೆ ಬೇರೆ ಮೀಟರುಗಳಿದ್ದರೆ ಒಂದು ಯೂನಿಟ್ಟಿಗೂ ಬೀಳುವುದಿಲ್ಲ. ಆಗ ಬಿಲ್ಲಿನಲ್ಲಿರುವ ‘ಸ್ಥಿರ ಆಕಾರ’ವನ್ನು ಮಾತ್ರ ಮೂರು ಸಲ ಕೊಡಬೇಕು. ಕೂಡು ಕುಟುಂಬದವರೂ ಬಾಡಿಗೆಯವರೂ ಇದನ್ನು ತೂಗಿ ನೋಡಬೇಕು.

ಬಿಲ್ಲನ್ನು ಇಳಿಸುವ ಇನ್ನೊಂದು ದಾರಿ ಉಳಿತಾಯ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್ ಸಾಕು. ಬಡವರ ಮನೆಗೆ ಒಳ್ಳೆಯ ಬಲ್ಬು ಕೊಟ್ಟರೆ ಪ್ರತಿ ತಿಂಗಳೂ ಸಹಾಯ ಮಾಡಿದಂತೆ.

4. ಸಹಾಯಧನ ಯಾರ ಕೈ ಸೇರುತ್ತದೆ?

2024ರಲ್ಲಿ ಆರಂಭವಾದ ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿದವರಿಗೆ 78,000 ರೂಪಾಯಿಗಳ ವರೆಗೆ ಸಹಾಯಧನವಿದೆ. ಆದರೆ ಅದು ಕೈಗೆ ಬರುವುದು ಫಲಕ ಕೂಡಿಸಿದ ಮೇಲೆ. ಸ್ವಂತ ಗಟ್ಟಿ ಮಾಳಿಗೆಯೂ ಮೊದಲು ಹಾಕಲು ಹಣವೂ, ಇಲ್ಲವೆ ಸಾಲವೂ ಬೇಕು. ಹಂಚಿನ ಮನೆಯ ಬಾಡಿಗೆದಾರನಿಗೆ ಇವೆರಡೂ ಕಷ್ಟ. ಎಲ್ಲರಿಗೂ ತೆರೆದ ಬಾಗಿಲಿನಲ್ಲಿ ಎಲ್ಲರೂ ನುಗ್ಗಲಾರರು. ಹೊಸ್ತಿಲು ಎತ್ತರವಾಗಿದ್ದರೆ ಮೆಟ್ಟಿಲನ್ನೂ ಕಟ್ಟಬೇಕು.

ಕೊನೆಯ ಮಾತು: ಘಟ್ಟದ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಸಾಮಾನ್ಯ. ಪೇಟೆಯ ಕಡೆ ಬೇಗ ದುರಸ್ತಿಯಾಗಿ, ದೂರದ ವಾಡಿಯಲ್ಲಿ ಪರೀಕ್ಷೆಗೆ ಓದುವ ಹುಡುಗಿ ಚಿಮಣಿಯ ಮುಂದೆ ಕುಳಿತಿದ್ದರೆ, ಮೀಟರು ಇದ್ದೂ ಅವಳ ಮನೆಗೆ ವಿದ್ಯುತ್ತು ಬಂದಿಲ್ಲವೆಂದೇ ಹೇಳಬೇಕು.

ಅಭ್ಯಾಸ: (1) ನಿಮ್ಮ ಮನೆಯ ಲೈಟ್ ಬಿಲ್ಲನ್ನು ಪಾಲಕರೊಡನೆ ಕುಳಿತು ಓದಿರಿ, ಯೂನಿಟ್, ದರ, ಸ್ಥಿರ ಆಕಾರಗಳನ್ನು ಬೇರೆ ಬೇರೆ ಬರೆಯಿರಿ. (2) ನಿಮ್ಮ ಓಣಿಯಲ್ಲಿ ಒಂದೇ ಮೀಟರಿನ ಮೇಲೆ ಎಷ್ಟು ಸಂಸಾರಗಳಿವೆ ಎಂದು ಕೇಳಿ ತಿಳಿಯಿರಿ. (3) ಮೀಟರಿಲ್ಲದ ಮನೆ ಕಂಡುಬಂದರೆ ಗ್ರಾಮ ಪಂಚಾಯತಿಗೆ ಕೊಡಲು ಒಂದು ಅರ್ಜಿಯನ್ನು ಸ್ವಂತ ಮಾತಿನಲ್ಲಿ ಬರೆಯಿರಿ.