ಊರಿನ ಉದ್ದಿಮೆಗೆ ಕೈಹಾಕುವ ಮೊದಲು

ಪಂಚಾಯಿತಿಯಿಂದಲೇ ಒಂದು ಉದ್ದಿಮೆ ನಡೆಸೋಣ ಎಂದು ಹೊರಟಿದ್ದೀರಾದರೆ ಇಂಡೋನೇಷ್ಯಾದ ಕಡೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ 2014ರ ಗ್ರಾಮ ಕಾಯ್ದೆ ಹಳ್ಳಿಗಳ ಸ್ವಂತ ಉದ್ದಿಮೆಗೆ ಒತ್ತು ಕೊಟ್ಟಿತು, 2015ರಿಂದ ಸರ್ಕಾರದ ಗ್ರಾಮನಿಧಿಯೂ ಹರಿಯಿತು. ಸಾವಿರಾರು ಸಂಸ್ಥೆಗಳು ಹುಟ್ಟಿದವು. ಎಷ್ಟೋ ಕಡೆ ನಾಮಫಲಕ ಮಾತ್ರ ಉಳಿಯಿತು. ಅನುದಾನ ಬಂದಿದೆ, ಏನಾದರೂ ಶುರುಮಾಡೋಣ ಎಂಬ ಅವಸರ ಇದಕ್ಕೆ ದೊಡ್ಡ ಕಾರಣವೆಂದು ನನ್ನ ಅಂದಾಜು. ಮಧ್ಯ ಜಾವಾದ ಪೊಂಗೊಕ್ ಗ್ರಾಮ ಹಾಗಲ್ಲ. ಅದು 2009ರಲ್ಲೇ, ಕಾಯ್ದೆಗೂ ನಿಧಿಗೂ ಮೊದಲು, ಊರಿನ ಚಿಲುಮೆಯನ್ನು ನಂಬಿ ಉದ್ದಿಮೆ ಕಟ್ಟಿತು. ಆ ಚಿಲುಮೆಯ ಕೊಳದಲ್ಲಿ ನೀರಿನಡಿ ಬೈಕ್ ಏರಿ ಕುಳಿತು ಫೋಟೊ ತೆಗೆಸಿಕೊಳ್ಳಲು ಜನ ದುಡ್ಡು ಕೊಡುತ್ತಾರೆ (ಹುಚ್ಚಾಟವೆನ್ನಿ, ಆದಾಯವಂತೂ ನಿಜ). ಹಾಗೆಂದು ಎಲ್ಲರೂ ಈಜುಕೊಳ ತೋಡಬೇಕಿಲ್ಲ. ನಿಮ್ಮೂರಲ್ಲಿ ಏನಿದೆ, ಅದನ್ನು ಕೊಳ್ಳುವವರು ಯಾರು ಎಂಬುದು ಮೊದಲು ತಿಳಿಯಲಿ.

ಇನ್ನೂ ಕಠಿಣವಾದದ್ದು ಆಡಳಿತ. ಗ್ರಾಮದ ಮುಖ್ಯಸ್ಥನ ಬಂಧುವೇ ವ್ಯವಸ್ಥಾಪಕನಾದರೆ ಬಾಕಿ ವಸೂಲಿಗೆ ಯಾರೂ ಬಾಯಿ ತೆರೆಯುವುದಿಲ್ಲ. ಹಾಗಾಗದಂತೆ ವ್ಯವಹಾರವನ್ನು ಚುನಾಯಿತರ ಕೈಯಿಂದ ಬಿಡಿಸಿದರೆ ಜನರ ಹಿಡಿತವೇ ತಪ್ಪದೇ ಎಂದು ಕೇಳಬಹುದು. ತಪ್ಪದು; ದಿನದ ನಿರ್ಧಾರ ಸಂಬಳದ ವ್ಯವಸ್ಥಾಪಕನದು, ಲೆಕ್ಕ ಕೇಳುವ ಹಕ್ಕು ಗ್ರಾಮಸಭೆಯದು. ಲಾಭವೇ ಗುರಿಯಲ್ಲ, ಸೇವೆ ಎನ್ನುವವರೂ ಇದ್ದಾರೆ. ಒಪ್ಪೋಣ, ಕುಡಿಯುವ ನೀರಿನ ಘಟಕ ನಷ್ಟದಲ್ಲೂ ನಡೆಯಬೇಕಾದೀತು. ಆ ನಷ್ಟ ಎಷ್ಟು, ಯಾವ ಬಾಬತ್ತಿನಿಂದ ತುಂಬುತ್ತೀರಿ ಎಂಬುದನ್ನು ವರ್ಷದ ಆರಂಭದಲ್ಲೇ ಬರೆದಿಡಿ, ಉದ್ದಿಮೆಯ ಬೇರೆ ಘಟಕದ ಲಾಭದೊಳಗೆ ಅಡಗಿಸಬೇಡಿ.