ಕಿಲ್ಲಾರಿಯ ಗೋಡೆಗಳು ಕಲಿಸಿದ್ದು

1993ರ ಸೆಪ್ಟೆಂಬರ್ 30, ನಸುಕಿನ 3.56. ಗಣಪತಿ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ್ದ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳು ಭೂಕಂಪಕ್ಕೆ ಕೆಲವೇ ಕ್ಷಣಗಳಲ್ಲಿ ನೆಲಸಮವಾದವು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು 10,000 ಮಂದಿ. ಗಡಿಯ ಈಚೆಗೆ ಬೀದರ್, ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಗಳಲ್ಲೂ ಜನ ಬೆಚ್ಚಿ ಬೀದಿಗೆ ಬಂದಿದ್ದರು. ಕಟ್ಟಡದ ಕೆಲಸ ಬಲ್ಲವನೆಂದು ಅವಶೇಷ ತೆಗೆಯುವವರ ಜೊತೆ ನಾನೂ ಹೋದೆ.

ಕಂಪನದ ತೀವ್ರತೆ 6.2. ಜಗತ್ತಿನಲ್ಲಿ 6 ದಾಟುವ ಭೂಕಂಪಗಳು ಪ್ರತಿವರ್ಷ ನೂರಕ್ಕೂ ಹೆಚ್ಚು ಆಗುತ್ತವೆ; ಎಲ್ಲ ಕಡೆ ಇಷ್ಟು ಜನ ಸಾಯುವುದಿಲ್ಲ. ಇಲ್ಲೇಕೆ ಸತ್ತರು?

ಉತ್ತರ ಗೋಡೆಗಳಲ್ಲಿತ್ತು. ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲು ಇರಲಿಲ್ಲ. ನೆಲ ಅಲುಗಿದಾಗ ಗೋಡೆ ಹೊಟ್ಟೆಯುಬ್ಬಿ ಎರಡಾಗಿ ಸೀಳಿತು. ಮಾಳಿಗೆ ಸೋರದಿರಲಿ, ಮನೆ ತಂಪಾಗಿರಲಿ ಎಂದು ಮೇಲೆ ಹೇರಿದ್ದ ಅಡಿಗಟ್ಟಲೆ ಮಣ್ಣು ಮಲಗಿದ್ದವರ ಮೇಲೆ ಬಿತ್ತು. ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮರದ ಕಂಬ, ತೊಲೆಗಳು ಹಾಗೆಯೇ ನಿಂತಿದ್ದವು. ಕಾಂಕ್ರೀಟ್ ಚಪ್ಪಡಿ ಬಿದ್ದರೆ ಅಡಿಯಲ್ಲಿ ಎಲ್ಲಾದರೂ ಸಂದು ಉಳಿದೀತು. ಮಣ್ಣು ಸಂದು ಉಳಿಸುವುದಿಲ್ಲ, ಉಸಿರಾಡಲು ಬಿಡುವುದಿಲ್ಲ. ಹಾಗಾಗಿ ಅಗೆಯುವವರಿಗೆ ಜೀವಂತ ಸಿಕ್ಕವರು ಕಡಿಮೆ.

ದಖನ್ನಿನ ನೆಲ ಗಟ್ಟಿ, ಅಲುಗುವುದಿಲ್ಲ ಎಂಬ ನಂಬಿಕೆಯೂ ಅಂದೇ ಕುಸಿಯಿತು. ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಆಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ಪರಿಷ್ಕೃತ ನಕ್ಷೆ ಆ ವಲಯವನ್ನೇ ತೆಗೆದುಹಾಕಿತು.

2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ನೆಲ ನಡುಗಿದಾಗ ಕಿಲ್ಲಾರಿಯ ಗೋಡೆಗಳ ಪಾಠವೇ ಬೇರೆ ರೂಪದಲ್ಲಿ ಬಂತು. ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಉರುಳಿದವು. ಕಾರು ನಿಲ್ಲಿಸಲು ಕೆಳ ಅಂತಸ್ತನ್ನು ಗೋಡೆಯಿಲ್ಲದೆ ಬರೀ ಪಿಲ್ಲರ್‌ಗಳ ಮೇಲೆ ನಿಲ್ಲಿಸಿದ ಕಟ್ಟಡಗಳೇ ಅವುಗಳಲ್ಲಿ ಹೆಚ್ಚು. ಆದರೆ ಕಛ್‌ನ ಬನ್ನಿ ಪ್ರದೇಶದ ಭುಂಗಾಗಳು, ಅಂದರೆ ಮಣ್ಣಿನ ಗೋಡೆ, ಹಗುರ ಹುಲ್ಲಿನ ಸೂರಿನ ದುಂಡನೆಯ ಮನೆಗಳು, ಬಹಳಷ್ಟು ಉಳಿದವು. ಮಣ್ಣಿನ ಮನೆಯಾದದ್ದೇ ದೋಷವಲ್ಲ. ಮೇಲೆ ಭಾರ, ನಡುವೆ ಕಟ್ಟಿಲ್ಲದಿರುವುದು ದೋಷ.

ಇದು ನಮ್ಮ ಮನೆಯಂಗಳದ ಮಾತೂ ಹೌದು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆಮತ್ತೆ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿದರು. ಕಲಬುರಗಿ, ಬೀದರ್ ಸೀಮೆಯಲ್ಲಿ ಕಲ್ಲುಮಣ್ಣಿನ ಹಳೆಯ ಮನೆಗಳು ಇನ್ನೂ ಸಾಕಷ್ಟಿವೆ.

ಅಂಥ ಮನೆಯಿರುವವರು ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಗೋಡೆಗೆ ಅಡ್ಡಗಲ್ಲು ಕೂರಿಸಿ. ಹೊಸದಾಗಿ ಕಟ್ಟಿಸುವವರು ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಸುತ್ತಲೂ ಒಂದೇ ಕಾಂಕ್ರೀಟ್ ಪಟ್ಟಿ ಹಾಕಿಸಿ. ಫ್ಲಾಟ್ ಕೊಳ್ಳುವವರು ಟೈಲ್ಸ್ ನೋಡುವ ಮುನ್ನ ಪಾರ್ಕಿಂಗ್ ಅಂತಸ್ತಿನ ಪಿಲ್ಲರ್‌ಗಳ ಲೆಕ್ಕ ಯಾರು ಮಾಡಿದರೆಂದು ಕೇಳಿ.