ತೋಳಿನೊಳಗಿನ ಕಡ್ಡಿ: ಹಾಕಿಸಿಕೊಳ್ಳುವ ಮುನ್ನ ತಿಳಿದಿರಲಿ

ದಿನವೂ ಮಾತ್ರೆ ನುಂಗುವ ನೆನಪಿರದವರಿಗೆ, ವಂಕಿ ಎಂದರೆ ಹಿಂಜರಿಯುವವರಿಗೆ ಇನ್ನೊಂದು ದಾರಿ ಗರ್ಭನಿರೋಧಕ ಇಂಪ್ಲಾಂಟ್. ಬೆಂಕಿಕಡ್ಡಿಯಷ್ಟುದ್ದದ ಈ ಮೆತ್ತನೆಯ ಕಡ್ಡಿಯಲ್ಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಹಾರ್ಮೋನ್ ಇರುತ್ತದೆ. ಅದು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಒಮ್ಮೆ ಹಾಕಿಸಿದರೆ 3 ವರ್ಷ ನಿಶ್ಚಿಂತೆ. ವರ್ಷವೊಂದರಲ್ಲಿ ಇದು ಕೈಕೊಡುವುದು ಸಾವಿರಕ್ಕೆ ಒಬ್ಬರಿಗೂ ಅಪರೂಪ. ಮಾತ್ರೆಯಲ್ಲಾದರೋ, ಮರೆವೂ ಸೇರಿ, ನೂರಕ್ಕೆ ಸುಮಾರು 7 ಮಂದಿಗೆ ಗರ್ಭ ನಿಲ್ಲುತ್ತದೆ.

ಮೊದಲು ವೈದ್ಯರಿಗೆ ಎಲ್ಲವನ್ನೂ ಹೇಳಿ. ಸ್ತನ ಕ್ಯಾನ್ಸರ್, ತೀವ್ರ ಪಿತ್ತಜನಕಾಂಗದ ಕಾಯಿಲೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಇದು ಬೇಡ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಇದರ ಶಕ್ತಿ ಕುಂದಿಸುತ್ತವೆ. ಹಾಲೂಡಿಸುವ ತಾಯಂದಿರು ಬಳಸಬಹುದು.

ಮುಟ್ಟಾದ ಮೊದಲ 5 ದಿನಗಳೊಳಗೆ ಹಾಕಿಸಿದರೆ ರಕ್ಷಣೆ ಕೂಡಲೇ ಶುರು. ಆಮೇಲಾದರೆ, ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡು ಹಾಕುತ್ತಾರೆ. ಹಾಗೆ ಹಾಕಿಸಿದ ಮೇಲೆ 7 ದಿನ ಕಾಂಡೋಮ್ ಬೇಕು. ಬಲಗೈ ಬಳಸುವವರಿಗೆ ಎಡತೋಳಿನ ಒಳಭಾಗದಲ್ಲಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೇ ಕಡ್ಡಿ ಸೇರಿಸುತ್ತಾರೆ. ಹೊಲಿಗೆ ಇಲ್ಲ. ಮೇಜಿನಿಂದ ಏಳುವ ಮುನ್ನ ನೀವೇ ಬೆರಳಿನಿಂದ ಒತ್ತಿ ನೋಡಿ. ಕಡ್ಡಿ ಕೈಗೆ ಸಿಗದಿದ್ದರೆ ಹೇಳಿ. ಅದು ಇದೆ ಎಂದು ಖಾತ್ರಿಯಾಗುವವರೆಗೆ ಕಾಂಡೋಮ್ ಬಿಡಬೇಡಿ.

ಮುಖ್ಯ ವಿಷಯ ಮುಟ್ಟಿನದು. ಬಹುತೇಕರಿಗೆ ಅದರ ಲಯ ತಪ್ಪುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. ಕೆಲವರಿಗೆ ಬಿಟ್ಟುಬಿಟ್ಟು ಕಲೆ ಕಾಣುತ್ತದೆ, ಮತ್ತೆ ಕೆಲವರಿಗೆ ದಿನಗಟ್ಟಲೆ ರಕ್ತ ಹೋಗುತ್ತದೆ. ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಸೇರುತ್ತದೆ ಎಂಬ ಮಾತು ಸುಳ್ಳು. ಆದರೆ ಮನೆಯಲ್ಲಿ ಮುಟ್ಟಿನ ಮಡಿ ನೋಡುವವರಿಗೆ ತಿಂಗಳಿಡೀ ಕಲೆ ಕಾಣುವುದು ಸಣ್ಣ ತೊಂದರೆಯೇನಲ್ಲ. ಅವಧಿಗೆ ಮುನ್ನವೇ ತೆಗೆಸುವವರ ದೊಡ್ಡ ಕಾರಣವೂ ಇದೇ. ತಲೆನೋವು, ಮೊಡವೆ, ಸ್ತನಗಳ ನೋವು, ತೂಕ ಏರುವುದು, ಮನಸ್ಸು ಕುಗ್ಗುವುದೂ ಉಂಟು. ವಿಪರೀತ ರಕ್ತಸ್ರಾವ, ಕಾಲಿನ ಊತ, ಉಸಿರಾಟದ ತೊಂದರೆ, ಹಾಕಿದ ಜಾಗದಲ್ಲಿ ಕೀವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಎಚ್‌ಐವಿಯಂಥ ಸೋಂಕನ್ನು ಇದು ತಡೆಯದು.

ತೆಗೆಸಿದ ಮೇಲೆ ಗರ್ಭ ಧರಿಸುವ ಶಕ್ತಿ ಬೇಗ ಮರಳುತ್ತದೆ. ಅವಧಿ ಮುಗಿಯುವ ದಿನಾಂಕದ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಇಡಿ. ಆಯ್ದ ರಾಜ್ಯಗಳ ಕೆಲವೇ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾದ ಇಂಪ್ಲಾಂಟ್ ಯೋಜನೆಯಲ್ಲಿ ಕರ್ನಾಟಕವೂ ಇದೆ. ನಿಮ್ಮೂರಲ್ಲಿ ಎಲ್ಲಿ ಸಿಗುತ್ತದೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬೇಡವೆನಿಸಿದಾಗ ತೆಗೆದುಕೊಡುವವರು ಅಲ್ಲೇ ಇದ್ದಾರೆಯೇ ಎಂಬುದನ್ನೂ ಹಾಕಿಸಿಕೊಳ್ಳುವ ಮೊದಲೇ ಕೇಳಿ.